ಕಸದಿಂದ ರಸ: ಪ್ರಾಯಶ್ಚಿತ್ತವೋ, ನೆಪವೋ?

ಕಳೆದ ಚಾತುರ್ಮಾಸದ ಕೊನೆಯ ದಿನಗಳಲ್ಲಿ ಒಂದು ಬಸದಿಯ ಟ್ರಸ್ಟಿನ ಸಭೆಯಲ್ಲಿ ಕುಳಿತಿರುವ ಸಂದರ್ಭ ನನಗೆ ಒದಗಿತು. ಊರಿನ ಹೆಸರು ಇಲ್ಲಿ ಬೇಡ. ದೋಷ ಒಂದು ಊರಿನದಲ್ಲ. ಟ್ರಸ್ಟಿನವರು ಹಿಂದಿನ ತಿಂಗಳು ಶ್ರಾವಕರ ಮನೆಮನೆಗಳಿಂದ ಕೆಟ್ಟುಹೋದ ಕಂಪ್ಯೂಟರು, ಟೀವಿ, ಮೊಬೈಲು, ಚಾರ್ಜರು, ಇನ್ವರ್ಟರಿನ ಬ್ಯಾಟರಿ ಮೊದಲಾದವನ್ನು ‘ಇ-ತ್ಯಾಜ್ಯ ದಾನ’ ಎಂಬ ಹೆಸರಿನಲ್ಲಿ ಸಂಗ್ರಹಿಸಿದ್ದರು. ಅವರ ಉತ್ಸಾಹ ಮೆಚ್ಚತಕ್ಕದ್ದೇ. ಕೂಡಿಬಿದ್ದ ರಾಶಿಯನ್ನು ಏನು ಮಾಡಬೇಕೆಂಬ ವಿಚಾರ ಬಂದಾಗ ಎರಡು ದರಗಳು ಮೇಜಿನ ಮೇಲೆ ಬಂದವು. ಒಂದು, ಸರ್ಕಾರದಲ್ಲಿ ನೋಂದಣಿ ಪಡೆದ ಮರುಬಳಕೆ ಸಂಸ್ಥೆಯದು. ಬೆಲೆ ಕಡಿಮೆ, ಕಾಗದಪತ್ರ ಹೆಚ್ಚು. ಇನ್ನೊಂದು, ಪೇಟೆಯ ಗುಜರಿ ವ್ಯಾಪಾರಿಯದು; ಬೆಲೆ ಹೆಚ್ಚು, ಹಣ ಕೈಯಲ್ಲೇ, ಸಾಮಾನು ಎಲ್ಲಿಗೆ ಹೋಗುತ್ತದೆಂದು ಕೇಳುವಂತಿಲ್ಲ. ಐದೇ ನಿಮಿಷದಲ್ಲಿ ಸಭೆ ಎರಡನೆಯದನ್ನು ಒಪ್ಪಿತು. ಬಂದ ಹಣ ಅಭಿಷೇಕದ ನಿಧಿಗೆ ಜಮೆಯಾಯಿತು.

ನಾನು ಆಕ್ಷೇಪವೆತ್ತಿದಾಗ ಹಿರಿಯ ಸದಸ್ಯರೊಬ್ಬರು, ತಾವೂ ಬಟ್ಟೆಯ ವ್ಯಾಪಾರದಲ್ಲಿರುವವರು, ನಗುತ್ತ ಹೇಳಿದ ಮಾತೇ ಈ ಲೇಖನಕ್ಕೆ ಕಾರಣ. “ತಾವು ಪತ್ರಿಕೆ ಓದುವುದಿಲ್ಲವೆ? ಇದೇ ಕಸದಿಂದ ವಿಜ್ಞಾನಿಗಳು ನ್ಯಾನೋ ಪುಡಿ ತಯಾರಿಸಿ ಬಣ್ಣದ ಕಾರ್ಖಾನೆಗಳ ಕೊಳಕು ನೀರನ್ನು ತಿಳಿಯಾಗಿಸುತ್ತಿದ್ದಾರೆ. ನಾವು ಕೊಟ್ಟ ಕಸ ನಾಳೆ ನದಿಯನ್ನೇ ಶುದ್ಧ ಮಾಡೀತು. ಇದಕ್ಕಿಂತ ದೊಡ್ಡ ಅಹಿಂಸೆ ಯಾವುದು ಸ್ವಾಮಿ?” ಸಭೆ ತಲೆದೂಗಿತು. ನನ್ನ ಆಕ್ಷೇಪ ನಡಾವಳಿಯಲ್ಲಿ ದಾಖಲಾಗಲೂ ಇಲ್ಲ.

ಈ ಮಾತು ಕೇಳಲು ಇಂಪಾಗಿದೆ. ಒಂದು ವಿಷದಿಂದ ಇನ್ನೊಂದು ವಿಷವನ್ನು ಕಳೆಯುವುದೆಂದರೆ ಯಾರ ಮನಸ್ಸಾದರೂ ಅರಳುತ್ತದೆ. ಆದರೆ ಇಂಪಾದ ಮಾತು ಪಾಪಕ್ಕೆ ಹೊದಿಕೆಯಾಗಿ ಬಂದಾಗ ಅದನ್ನು ಬಿಚ್ಚಿ ನೋಡುವುದು ಸಮಾಜಬಾಂಧವರೆಲ್ಲರ ಕರ್ತವ್ಯ. ಆದ್ದರಿಂದ ಮೊದಲು ಆ ವಿಜ್ಞಾನವೇನೆಂಬುದನ್ನೂ, ಅನಂತರ ಅದು ನಮ್ಮನ್ನು ಯಾವ ಹೊಣೆಯಿಂದ ಬಿಡಿಸುತ್ತದೆ, ಯಾವುದರಿಂದ ಬಿಡಿಸುವುದಿಲ್ಲವೆಂಬುದನ್ನೂ ವಿಚಾರಿಸೋಣ.

ವಿಜ್ಞಾನದ ಮಾತು ಸುಳ್ಳಲ್ಲ. ಕಂಪ್ಯೂಟರಿನ ಸರ್ಕಿಟ್ ಬೋರ್ಡಿನ ತೂಕದಲ್ಲಿ ಸುಮಾರು ಐದರಲ್ಲೊಂದು ಪಾಲು ತಾಮ್ರವೇ ಇರುವುದುಂಟು. ಗಣಿಯಿಂದ ಅಗೆಯುವ ಅನೇಕ ಅದಿರುಗಳಲ್ಲಿ ಅದು ಶೇಕಡ 1ನ್ನೂ ಮುಟ್ಟುವುದಿಲ್ಲ. ಬೋರ್ಡನ್ನು ಪುಡಿಮಾಡಿ, ನೈಟ್ರಿಕ್ ಅಥವಾ ಸಲ್ಫ್ಯೂರಿಕ್ ಆಮ್ಲದಲ್ಲಿ ಲೋಹವನ್ನು ಕರಗಿಸಿ, ಕ್ಷಾರ ಬೆರೆಸಿ ತಾಮ್ರವನ್ನು ಗಸಿಯಾಗಿ ಇಳಿಸಿ, ತೊಳೆದು ಕುಲುಮೆಯಲ್ಲಿ ಕಾಯಿಸಿದರೆ ತಾಮ್ರದ ಆಕ್ಸೈಡಿನ ಕರಿಯ ಪುಡಿ ದೊರೆಯುತ್ತದೆ. ಟಾರ್ಚಿನ ಹಳೆಯ ಸೆಲ್ಲಿನ ಸತುವಿನ ಹೊದಿಕೆಯಿಂದ ಸತುವಿನ ಆಕ್ಸೈಡನ್ನೂ, ಅದರ ನಡುವಿನ ಇಂಗಾಲದ ಕಡ್ಡಿಯಿಂದ ಗ್ರಾಫೀನ್ ಆಕ್ಸೈಡನ್ನೂ ಪ್ರಯೋಗಾಲಯಗಳಲ್ಲಿ ತಯಾರಿಸಿದ್ದಾರೆ. ಕಣಗಳ ಗಾತ್ರ 1ರಿಂದ 100 ನ್ಯಾನೋಮೀಟರಿನೊಳಗಿದ್ದರೆ ಅವು ನ್ಯಾನೋ ಕಣಗಳು. ಒಂದು ಮೀಟರಿನ ನೂರು ಕೋಟಿಯಲ್ಲಿ ಒಂದು ಭಾಗವೇ ನ್ಯಾನೋಮೀಟರು. ನಮ್ಮ ತಲೆಗೂದಲಿನ ದಪ್ಪವೇ ಸುಮಾರು 80,000 ನ್ಯಾನೋಮೀಟರು.

ಇಷ್ಟು ಸಣ್ಣ ಕಣಗಳಲ್ಲಿ ತೂಕಕ್ಕೆ ಹೋಲಿಸಿದರೆ ಹೊರಮೈಯ ವಿಸ್ತಾರ ಅಪಾರ. ತಕ್ಕ ಬೆಳಕು ಬಿದ್ದೊಡನೆ ಕಣದೊಳಗಿನ ಎಲೆಕ್ಟ್ರಾನು ತನ್ನ ನೆಲೆಯಿಂದ ಮೇಲೇಳುತ್ತದೆ. ಹಾಗೆ ಎದ್ದ ಎಲೆಕ್ಟ್ರಾನೂ ಅದು ಬಿಟ್ಟ ತೆರವೂ ನೀರಿನಿಂದ, ಆಮ್ಲಜನಕದಿಂದ ಅತ್ಯಂತ ಚುರುಕಾದ ಅಣುಖಂಡಗಳನ್ನು ಹುಟ್ಟಿಸುತ್ತವೆ. ಅವು ಬಣ್ಣದ ಅಣುವಿನ ಮೇಲೆರಗಿ ಅದನ್ನು ತುಂಡರಿಸುತ್ತವೆ. ಮಿಥಿಲೀನ್ ಬ್ಲೂ ಎಂಬ ನೀಲಿ ಬಣ್ಣವನ್ನು ಕರಗಿಸಿದ ನೀರಿಗೆ ಈ ಪುಡಿಯನ್ನು ಹಾಕಿ ದೀಪದ ಕೆಳಗಿಟ್ಟರೆ ಕೆಲವು ಗಂಟೆಗಳಲ್ಲಿ ನೀಲಿ ಮಾಯವಾಗುವುದನ್ನು ಯಾರಾದರೂ ನೋಡಬಹುದು. ಸಾಧನೆ ನಿಜ. ಗಣಿಯೊಂದನ್ನು ಅಗೆಯದೆ, ನೆಲದ ಜೀವಗಳನ್ನು ಕದಡದೆ ಲೋಹ ದೊರೆಯುವುದಾದರೆ ಅದನ್ನು ಸ್ವಾಗತಿಸುವವರಲ್ಲಿ ನಾವೇ ಮೊದಲಿಗರಾಗಬೇಕು.

ಆದರೆ ಪ್ರಯೋಗಾಲಯದ ಗಾಜಿನ ಪಾತ್ರೆ ನದಿಯಲ್ಲ. ಇಂತಹ ಬಹುಪಾಲು ಪ್ರಯೋಗಗಳು ಬಟ್ಟಿಯಿಳಿಸಿದ ಶುದ್ಧ ನೀರಿನಲ್ಲಿ ಒಂದೇ ಬಣ್ಣವನ್ನು ಅಲ್ಪ ಪ್ರಮಾಣದಲ್ಲಿ ಕರಗಿಸಿ ನಡೆಯುತ್ತವೆ. ಬಣ್ಣದ ಕಾರ್ಖಾನೆಯಿಂದ ಹೊರಬೀಳುವ ನೀರಿನಲ್ಲಿ ಹಲವು ಬಣ್ಣಗಳು, ಸಾಬೂನು, ಗಂಜಿ, ಕ್ಷಾರ, ಉಪ್ಪು ಎಲ್ಲವೂ ಬೆರೆತಿರುತ್ತವೆ. ಇವು ಆ ಚುರುಕಾದ ಅಣುಖಂಡಗಳನ್ನು ಬಣ್ಣಕ್ಕೆ ತಲಪುವ ಮೊದಲೇ ನುಂಗಿಬಿಡುತ್ತವೆ. ಗಾಢವರ್ಣದ ನೀರಿನೊಳಕ್ಕೆ ಬೆಳಕೂ ಇಳಿಯದು. ಸತುವಿನ ಆಕ್ಸೈಡಿಗಂತೂ ನೇರಳಾತೀತ ಕಿರಣವೇ ಬೇಕು. ಸೂರ್ಯನ ಬೆಳಕಿನಲ್ಲಿ ಅದರ ಪಾಲು ಶೇಕಡ 5ರ ಆಸುಪಾಸು ಮಾತ್ರ.

ಇದಕ್ಕಿಂತ ಮುಖ್ಯವಾದ ಮಾತೊಂದಿದೆ. ಬಣ್ಣ ಹೋದ ಮಾತ್ರಕ್ಕೆ ವಿಷ ಹೋಯಿತೆಂದಲ್ಲ. ಇಂದು ಬಳಕೆಯಲ್ಲಿರುವ ಬಣ್ಣಗಳಲ್ಲಿ ಅತಿ ದೊಡ್ಡ ಪಂಗಡವಾದ ಅಜೋ ಬಣ್ಣಗಳಲ್ಲಿ ಸಾರಜನಕದ ಜೋಡಿಕೊಂಡಿಯೇ ವರ್ಣಕ್ಕೆ ಮೂಲ. ಆ ಕೊಂಡಿ ಮುರಿದೊಡನೆ ನೀರು ತಿಳಿಯಾಗಿ ಕಾಣುತ್ತದೆ. ಆದರೆ ಅಣುವಿನ ಉಳಿದ ತುಂಡುಗಳು ನೀರಿನಲ್ಲಿಯೇ ಇರುತ್ತವೆ. ಕೆಲವು ಅಜೋ ಬಣ್ಣಗಳು ಒಡೆದಾಗ ಹುಟ್ಟುವ ಆರೊಮ್ಯಾಟಿಕ್ ಅಮೀನುಗಳು ಕ್ಯಾನ್ಸರ್ ತರುವಂಥವು. ಇಂತಹ ಭಯದಿಂದಲೇ ಭಾರತ ಸರ್ಕಾರ 1997ರಲ್ಲಿ 70 ಅಜೋ ಬಣ್ಣಗಳನ್ನು ನಿಷೇಧಿಸಿತು. ಆ ತುಂಡುಗಳೂ ಪೂರ್ತಿಯಾಗಿ ಒಡೆದು ನಿರಪಾಯ ವಸ್ತುಗಳಾಗಲು ಬಣ್ಣ ಮಾಯವಾಗುವುದಕ್ಕಿಂತ ಬಹಳ ಹೆಚ್ಚಿನ ಕಾಲ ಬೇಕು. ಕಣ್ಣಿಗೆ ತಿಳಿಯಾದ ನೀರನ್ನು ಕಂಡು ಕೈಮುಗಿಯುವುದು ಮಿಥ್ಯಾತ್ವದ ಒಂದು ಹೊಸ ರೂಪವೇ ಸರಿ.

ಇನ್ನು ಉಪ್ಪಿನ ವಿಚಾರ. ಹತ್ತಿಬಟ್ಟೆಗೆ ಬಣ್ಣ ಹಿಡಿಯಲೆಂದು ಬಣ್ಣದ ತೊಟ್ಟಿಯ ಪ್ರತಿ ಲೀಟರಿಗೆ ಹತ್ತಾರು ಗ್ರಾಂ ಉಪ್ಪನ್ನು ಸುರಿಯುತ್ತಾರೆ. ಆ ಉಪ್ಪು ಬಟ್ಟೆಯಲ್ಲಿ ಉಳಿಯುವುದಿಲ್ಲ. ಅಷ್ಟೂ ನೀರಿನೊಡನೆ ಹೊರಬೀಳುತ್ತದೆ. ಯಾವ ತಾಮ್ರದ ಪುಡಿಯೂ, ಯಾವ ಸತುವಿನ ಪುಡಿಯೂ ಬೆಳಕಿನ ಬಲದಿಂದ ಉಪ್ಪನ್ನು ಒಡೆಯಲಾರದು. ತಮಿಳುನಾಡಿನ ತಿರುಪ್ಪೂರಿನಲ್ಲಿ ಕಾವೇರಿಯ ಉಪನದಿಯಾದ ನೊಯ್ಯಲಿಗೆ ಒದಗಿದ ಗತಿಯನ್ನು ಇಲ್ಲಿ ನೆನೆಯಬೇಕು. ರೈತರ ಹೊಲಗಳಿಗೆ ನೀರುಣಿಸಲೆಂದು 1990ರ ದಶಕದ ಆರಂಭದಲ್ಲಿ ಒರತುಪಾಳಯಂ ಎಂಬಲ್ಲಿ ಅಣೆಕಟ್ಟು ಕಟ್ಟಿದರು. ಅದರಲ್ಲಿ ತುಂಬಿದ್ದು ಬಣ್ಣದ ಕಾರ್ಖಾನೆಗಳ ನೀರು. ಯಾರಿಗಾಗಿ ಅಣೆಕಟ್ಟು ಕಟ್ಟಿದರೋ ಆ ರೈತರೇ ಆ ನೀರು ತಮಗೆ ಬೇಡವೆಂದು ಮೊರೆಯಿಡಬೇಕಾಯಿತು. ಅವರ ಹೊಲಗಳನ್ನು ಕೆಡಿಸಿದುದರಲ್ಲಿ ಉಪ್ಪಿನ ಪಾಲು ದೊಡ್ಡದು. ಕೊನೆಗೆ 2011ರ ಜನವರಿಯಲ್ಲಿ ಮದ್ರಾಸ್ ಉಚ್ಚ ನ್ಯಾಯಾಲಯ ಅಲ್ಲಿನ ಬಣ್ಣದ ಘಟಕಗಳನ್ನೆಲ್ಲ ಮುಚ್ಚಿಸಲು ಆಜ್ಞೆ ಮಾಡಿತು. ಒಂದು ಹನಿ ತ್ಯಾಜ್ಯನೀರನ್ನೂ ಹೊರಬಿಡಬಾರದೆಂಬ ಕಟ್ಟುಪಾಡು ಜಾರಿಯಾದುದು ನ್ಯಾಯಾಲಯದ ದಂಡದಿಂದ, ವ್ಯಾಪಾರಿಗಳ ಕರುಣೆಯಿಂದಲ್ಲ.

ತಿರುಪ್ಪೂರು ಪರರ ಊರು ಎಂದು ಯಾರೂ ಸಮಾಧಾನಪಟ್ಟುಕೊಳ್ಳಬೇಕಾಗಿಲ್ಲ. ಬೆಂಗಳೂರು, ಹುಬ್ಬಳ್ಳಿಗಳ ಬಟ್ಟೆಪೇಟೆಯಲ್ಲಿ ನೆಲೆಸಿರುವ ನಮ್ಮ ಎಷ್ಟೋ ಶ್ವೇತಾಂಬರ ಬಂಧುಗಳ ಮೂಲ ರಾಜಸ್ಥಾನದ ಮಾರವಾಡ. ಅದೇ ಸೀಮೆಯ ಪಾಲಿ, ಜೋಧಪುರ, ಬಾಲೋತ್ರಾಗಳ ಬಟ್ಟೆ ಕಾರ್ಖಾನೆಗಳ ನೀರು ಬಾಂಡಿ, ಜೋಜರಿ, ಲೂನಿ ನದಿಗಳನ್ನು ಕೆಡಿಸಿದ ಸಂಗತಿಯನ್ನು 2025ರ ಸೆಪ್ಟೆಂಬರಿನಲ್ಲಿ ಸರ್ವೋಚ್ಚ ನ್ಯಾಯಾಲಯ ತಾನಾಗಿಯೇ ವಿಚಾರಣೆಗೆ ಎತ್ತಿಕೊಂಡಿತು. ಆ ಬಟ್ಟೆಯನ್ನು ಮಾರುವವರೂ ಉಡುವವರೂ ಕರ್ನಾಟಕದಲ್ಲಿಯೂ ಇದ್ದೇವೆ, ದಿಗಂಬರರೂ ಶ್ವೇತಾಂಬರರೂ. ನೀರನ್ನೇ ಕಾಯವಾಗಿ ಉಳ್ಳ ಅಪ್ಕಾಯಿಕ ಜೀವಗಳನ್ನು ನಂಬುವ ನಮ್ಮ ಮನೆಗಳಲ್ಲಿ ಈ ನದಿಗಳ ಹೆಸರನ್ನು ಎಷ್ಟು ಜನ ಉಚ್ಚರಿಸಿದ್ದೇವೆ?

ನ್ಯಾನೋ ಪುಡಿಯೇ ನೀರಿಗೆ ಇನ್ನೊಂದು ಹೊರೆಯಾಗುವ ಭಯವೂ ಇದೆ. ಮಲೆನಾಡಿನಲ್ಲಿ, ಕರಾವಳಿಯಲ್ಲಿ ಅಡಿಕೆ ತೋಟವಿರುವ ಶ್ರಾವಕರಿಗೆ ಮೈಲುತುತ್ತದ ಗುಣ ಗೊತ್ತು. ಕೊಳೆರೋಗದ ಬೂಷ್ಟನ್ನು ಕೊಲ್ಲುವುದು ಅದರಲ್ಲಿರುವ ತಾಮ್ರ. ಅದೇ ತಾಮ್ರ ಆಕ್ಸೈಡಿನ ಪುಡಿಯಾಗಿ ನದಿಗಿಳಿದು ಸ್ವಲ್ಪಸ್ವಲ್ಪವೇ ಕರಗಿದರೆ ಪಾಚಿ, ನೀರಿನ ಸಣ್ಣ ಕೀಟ, ಮೀನಿನ ಮರಿಗಳ ಗತಿಯೇನು? ನಾವು ಎರಡು ಪದರದ ಬಟ್ಟೆಯಲ್ಲಿ ನೀರು ಗಾಳಿಸಿ ಕುಡಿಯುತ್ತೇವೆಂಬ ಅಭಿಮಾನ ನಮಗಿದೆ. ಬಣ್ಣದ ಅಣುವನ್ನಾಗಲಿ ಈ ಕಣವನ್ನಾಗಲಿ ತಡೆಯುವ ಬಟ್ಟೆ ಯಾವ ಮಗ್ಗದಲ್ಲೂ ನೇಯ್ದಿಲ್ಲ. ಪುಡಿಯನ್ನು ಗಾಜಿಗೋ ಮಣ್ಣಿನ ಗುಂಡಿಗೋ ಅಂಟಿಸಿ ನೀರಿನೊಡನೆ ಹರಿದುಹೋಗದಂತೆ ಮಾಡುವ, ಇಲ್ಲವೆ ಕಬ್ಬಿಣ ಬೆರೆಸಿ ಅಯಸ್ಕಾಂತದಿಂದ ಮರಳಿ ಎತ್ತಿಕೊಳ್ಳುವ ಉಪಾಯಗಳನ್ನು ವಿಜ್ಞಾನಿಗಳು ಹುಡುಕುತ್ತಿದ್ದಾರೆ. ಅಪಾಯವನ್ನು ಅವರು ಅರಿತಿದ್ದಾರೆ; ಅರಿಯದವರು ಅವರ ಹೆಸರನ್ನು ಹೇಳಿ ಸಭೆಯಲ್ಲಿ ತಲೆದೂಗುವ ನಾವು.

ಈಗ ಆ ಸಭೆ ಮಾರಿದ ರಾಶಿಗೆ ಬರೋಣ. ಹಿರಿಯರು ಹೇಳಿದಂತೆ ಅದು ಯಾವ ಪ್ರಯೋಗಾಲಯಕ್ಕೂ ಹೋಗಲಿಲ್ಲ. ಗುಜರಿ ವ್ಯಾಪಾರಿ ನೋಂದಾಯಿತ ಸಂಸ್ಥೆಗಿಂತ ಹೆಚ್ಚು ಬೆಲೆ ಕೊಡಲು ಹೇಗೆ ಸಾಧ್ಯವೆಂದು ಯಾರೂ ಕೇಳಲಿಲ್ಲ. ವಿಷದ ಹೊಗೆಯನ್ನು ಶೋಧಿಸುವ ಯಂತ್ರಕ್ಕೆ, ಆಮ್ಲವನ್ನು ಶಮನಗೊಳಿಸುವ ತೊಟ್ಟಿಗೆ, ಕೆಲಸಗಾರನ ಕೈಗವಸಿಗೆ ಅವನ ಸರಪಳಿಯಲ್ಲಿ ಯಾರೂ ಖರ್ಚು ಮಾಡುವುದಿಲ್ಲ. ಆ ಉಳಿತಾಯವೇ ನಮಗೆ ಸಿಕ್ಕ ಹೆಚ್ಚಿನ ಬೆಲೆ. ದೆಹಲಿಯ ಸೀಲಂಪುರ, ಉತ್ತರಪ್ರದೇಶದ ಮುರಾದಾಬಾದುಗಳಲ್ಲಿ ಏನು ನಡೆದುಬಂದಿದೆಯೆಂಬುದು ಗುಟ್ಟಲ್ಲ. ತಂತಿಯ ಪ್ಲಾಸ್ಟಿಕ್ಕನ್ನು ಬಯಲಿನಲ್ಲಿ ಸುಟ್ಟು ತಾಮ್ರ ತೆಗೆಯುತ್ತಾರೆ. ಬರಿಗೈಯಲ್ಲಿ ಬೋರ್ಡುಗಳನ್ನು ಆಮ್ಲದಲ್ಲಿ ಅದ್ದುತ್ತಾರೆ. ಮುರಾದಾಬಾದಿನ ಕರಿಯ ಬೂದಿ ರಾಮಗಂಗೆಯ ದಡ ಸೇರಿದೆ. ಇಂತಹ ಕೆಲಸದಲ್ಲಿ ಹೆಂಗಸರೂ ಮಕ್ಕಳೂ ತೊಡಗಿರುವುದನ್ನು ಕುರಿತು ವಿಶ್ವ ಆರೋಗ್ಯ ಸಂಸ್ಥೆ 2021ರಲ್ಲಿ ಜಗತ್ತನ್ನು ಎಚ್ಚರಿಸಿದೆ. ವಿಶ್ವಸಂಸ್ಥೆಯ ಅಂಗಸಂಸ್ಥೆಗಳು 2024ರಲ್ಲಿ ಪ್ರಕಟಿಸಿದ ಲೆಕ್ಕದಂತೆ 2022ರಲ್ಲಿ ಜಗತ್ತಿನಲ್ಲಿ ಹುಟ್ಟಿದ ಇ-ತ್ಯಾಜ್ಯ 6 ಕೋಟಿ 20 ಲಕ್ಷ ಟನ್ನು. ಅದರಲ್ಲಿ ಕ್ರಮಬದ್ಧವಾಗಿ ಸಂಗ್ರಹವಾಗಿ ಮರುಬಳಕೆಯಾದುದೆಂದು ದಾಖಲೆಯಿರುವುದು ಶೇಕಡ 22.3 ಮಾತ್ರ. ಉಳಿದುದರಲ್ಲಿ ನಮ್ಮ ‘ದಾನ’ವೂ ಸೇರಿದೆ.

ಏಕೇಂದ್ರಿಯ ಜೀವಕ್ಕೆ ನೋವಾದೀತೆಂದು ಗೆಡ್ಡೆಗೆಣಸು ಬಿಡುವ ನಾವು, ಪಂಚೇಂದ್ರಿಯನಾದ ಮನುಷ್ಯನ ಮಗು ಸೀಸದ ಹೊಗೆ ಕುಡಿಯುವಂತೆ ಮಾಡಿ ಆ ಹಣದಿಂದ ಭಗವಂತನಿಗೆ ಅಭಿಷೇಕ ಮಾಡಿದೆವು. ಮಾತು ಕಟುವಾಯಿತೆಂದು ಯಾರಿಗಾದರೂ ತೋರಿದರೆ ಕ್ಷಮೆ ಬೇಡುತ್ತೇನೆ. ಆದರೆ ಮಾತನ್ನು ಹಿಂದಕ್ಕೆ ತೆಗೆದುಕೊಳ್ಳಲಾರೆ.

ಧರ್ಮಬಂಧುಗಳೇ, ನಮ್ಮ ಶಾಸ್ತ್ರ ಈ ವಿಷಯದಲ್ಲಿ ಮೌನವಾಗಿಲ್ಲ. ಮುನಿಗಳ ಐದು ಸಮಿತಿಗಳಲ್ಲಿ ಕೊನೆಯದು ಉತ್ಸರ್ಗ ಸಮಿತಿ. ದೇಹದ ಮಲಮೂತ್ರವನ್ನೂ ಜೀವರಹಿತವಾದ ನೆಲವನ್ನು ನೋಡಿ, ಪಿಂಛಿಯಿಂದ ಮೆಲ್ಲನೆ ಸರಿಸಿಯೇ ವಿಸರ್ಜಿಸಬೇಕು. ನಡೆಯುವುದು, ನುಡಿಯುವುದು, ಉಣ್ಣುವುದರಷ್ಟೇ ಗಂಭೀರವಾದ ಎಚ್ಚರವನ್ನು ಬಿಸುಡುವುದಕ್ಕೂ ವಿಧಿಸಿದ ಧರ್ಮ ನಮ್ಮದು. ಇದು ಯತಿಧರ್ಮವೆಂದು ಶ್ರಾವಕರು ಜಾರಿಕೊಳ್ಳುವಂತಿಲ್ಲ. ಅನರ್ಥದಂಡದ ಐದು ಬಗೆಗಳಲ್ಲಿ ಪ್ರಮಾದಚರ್ಯೆಯೂ ಒಂದು, ಅಂದರೆ ಅಜಾಗರೂಕತೆಯಿಂದ ಮಾಡುವ ಹಿಂಸೆ. ಶ್ವೇತಾಂಬರ ಪರಂಪರೆ ಶ್ರಾವಕನು ಬಿಡಬೇಕೆಂದು ಎಣಿಸುವ 15 ಕರ್ಮಾದಾನಗಳಲ್ಲಿ ಬೆಂಕಿಯ ಉರಿಯಿಂದ ಜೀವಿಸುವ ಅಂಗಾರಕರ್ಮವೂ ವಿಷದ ವ್ಯಾಪಾರವೂ ಇವೆ. ತಂತಿ ಸುಡುವವನು ನಾವಲ್ಲವಲ್ಲ ಎಂದರೆ, ಕೃತ, ಕಾರಿತ, ಅನುಮತ ಎಂಬ ಮೂರನ್ನೂ ಶಾಸ್ತ್ರ ಒಂದೇ ಸಾಲಿನಲ್ಲಿ ಇಟ್ಟಿರುವುದು ಏಕೆ? ಮಾಡಿದವನು ಆ ಬಡವ. ಮಾಡಿಸಿದವರು ಮಾರಿದ ನಾವು. ಅನುಮೋದಿಸಿದ್ದು ತಲೆದೂಗಿದ ಸಭೆ.

ನೀರು ಗಾಳಿಸುವ ವಿಧಿಯನ್ನೇ ನೋಡಿ. ಗಾಳಿಸಿದ ನೀರು ಕೊಡಕ್ಕೆ ಬಿದ್ದೊಡನೆ ವಿಧಿ ಮುಗಿಯುವುದಿಲ್ಲ. ಬಟ್ಟೆಯಲ್ಲಿ ಉಳಿದ ಜೀವಗಳನ್ನು ಗಾಳಿಸಿದ ನೀರಿನಿಂದಲೇ ತೊಳೆದು, ಅವು ಯಾವ ಬಾವಿಯಿಂದ ಬಂದವೋ ಆ ಬಾವಿಗೇ ನೋಯದಂತೆ ಇಳಿಬಿಟ್ಟ ಮೇಲೆ ಮುಗಿಯುತ್ತದೆ. ನಮ್ಮ ಅಜ್ಜಿಯರು ಸಣ್ಣ ಹಗ್ಗ ಕಟ್ಟಿದ ತಂಬಿಗೆಯನ್ನು ನೀರಿನ ಮಟ್ಟದವರೆಗೆ ಇಳಿಸಿ ಬಗ್ಗಿಸುತ್ತಿದ್ದುದನ್ನು ನೋಡಿದವರು ಈಗಲೂ ಇದ್ದಾರೆ. ಮೇಲಿನಿಂದ ಸುರಿದರೆ ಜೀವಕ್ಕೆ ಪೆಟ್ಟಾದೀತೆಂಬ ಕಾಳಜಿ ಅವರದು. ತನಗೆ ಬೇಕಾದುದನ್ನು ತೆಗೆದುಕೊಂಡವನು ಉಳಿದುದರ ಹೊಣೆಯನ್ನು ಅದರ ನೆಲೆ ಮುಟ್ಟುವವರೆಗೂ ಹೊರಬೇಕೆಂಬ ನೀತಿ ಅದರಲ್ಲಿದೆ. ನಮ್ಮ ಮೊಬೈಲಿಗೂ ಬಟ್ಟೆಗೂ ಅದೇ ನೀತಿ ಅನ್ವಯಿಸಬೇಕೆನ್ನುವುದಷ್ಟೇ ನನ್ನ ವಾದ. ದಾನವೆಂಬ ಹೆಸರಿಟ್ಟು ಬಾಗಿಲಾಚೆ ನೂಕಿದರೆ ಹೊಣೆ ಕಳೆಯದು.

“ಹಾಗಾದರೆ ಈ ಸಂಶೋಧನೆಯೇ ಬೇಡವೆ?” ಎಂದು ಕೇಳುವವರಿದ್ದಾರೆ. ಬೇಕು, ಆದರೆ ಅದು ಪ್ರಾಯಶ್ಚಿತ್ತವಾಗಿ ಬರಬೇಕು, ನೆಪವಾಗಿ ಅಲ್ಲ. ಪ್ರಾಯಶ್ಚಿತ್ತಕ್ಕೆ ನಮ್ಮಲ್ಲಿ ಕ್ರಮವಿದೆ. ಮೊದಲನೆಯದು ಆಲೋಚನಾ, ತನ್ನ ದೋಷವನ್ನು ಮುಚ್ಚಿಡದೆ ಹೇಳುವುದು. ಎರಡನೆಯದು ಪ್ರತಿಕ್ರಮಣ, ಆ ದಾರಿಯಿಂದ ಹಿಂದಿರುಗುವುದು. ಆ ಪಟ್ಟಿಯಲ್ಲಿಯೇ ವಿವೇಕವೆಂಬುದೂ ಇದೆ. ಅಲ್ಲಿ ಅದರ ಅರ್ಥ, ದೋಷವುಳ್ಳದ್ದನ್ನು ಬೇರ್ಪಡಿಸುವುದು. ಈ ಮೂರನ್ನೂ ಬಿಟ್ಟು, ಎಲ್ಲಿಯೋ ಒಬ್ಬ ಸಂಶೋಧಕ ಗಾಜಿನ ಪಾತ್ರೆಯಲ್ಲಿ ಮಾಡಿದ ಸಾಧನೆಯ ಪುಣ್ಯವನ್ನು ನಾವು ಹಂಚಿಕೊಳ್ಳುವುದು ಪರರ ಉಪವಾಸಕ್ಕೆ ನಾವು ಪಾರಣೆ ಮಾಡಿದಂತೆ.

ಆದ್ದರಿಂದ ಬಸದಿ, ದೇರಾಸರಗಳ ಟ್ರಸ್ಟುಗಳ ಮುಂದೆ ಈ ಮೂರು ಹೆಸರುಗಳಲ್ಲಿಯೇ ನನ್ನ ಬೇಡಿಕೆಗಳನ್ನು ಇಡುತ್ತೇನೆ.

ಆಲೋಚನಾ: ಪ್ರತಿ ಟ್ರಸ್ಟು ತನ್ನ ವಾರ್ಷಿಕ ವರದಿಯಲ್ಲಿ ಆಯವ್ಯಯದ ಪಕ್ಕದಲ್ಲಿಯೇ, ಆ ವರ್ಷ ಎಷ್ಟು ವಿದ್ಯುನ್ಮಾನ ಸಾಮಾನು ಕೊಂಡಿತು, ಎಷ್ಟನ್ನು ಹೊರಹಾಕಿತು, ಯಾರ ಕೈಗೆ ಕೊಟ್ಟಿತು ಎಂಬುದನ್ನು ಪ್ರಕಟಿಸಲಿ. 2023ರ ಏಪ್ರಿಲ್ 1ರಿಂದ ಜಾರಿಯಲ್ಲಿರುವ ಇ-ತ್ಯಾಜ್ಯ ನಿಯಮಗಳಂತೆ ಮರುಬಳಕೆ ಮಾಡುವವರು ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯಲ್ಲಿ ನೋಂದಾಯಿಸಿಕೊಳ್ಳಬೇಕು. ಆ ನೋಂದಣಿಯಿಲ್ಲದವರಿಗೆ ಒಂದು ಚಾರ್ಜರನ್ನೂ ಕೊಡುವುದಿಲ್ಲವೆಂದು ಠರಾವು ಆಗಲಿ. ಬೆಲೆ ಕಡಿಮೆ ಬಂದರೆ ಬರಲಿ. ಏನೂ ಬಾರದೆ ಸಾಗಣೆಯ ಖರ್ಚೇ ಮೈಮೇಲೆ ಬಂದರೂ ಅದನ್ನು ದಾನವೆಂದು ಬರೆದುಕೊಳ್ಳಲಿ. ಆಗ ಮಾತ್ರ ಆ ಶಬ್ದಕ್ಕೆ ಅರ್ಥ.

ಪ್ರತಿಕ್ರಮಣ: ಉತ್ಸವದಿಂದ ಉತ್ಸವಕ್ಕೆ ಹೊಸ ಧ್ವನಿವರ್ಧಕ, ಹೊಸ ದೀಪದ ಸರ, ಹೊಸ ಪರದೆ ಕೊಳ್ಳುವ ಚಾಳಿ ನಿಲ್ಲಲಿ. ಮನೆಯಲ್ಲಿ ಭೋಗೋಪಭೋಗ ಪರಿಮಾಣದ ನೇಮ ಹಿಡಿಯುವಾಗ ತರಕಾರಿಯ ಲೆಕ್ಕದೊಡನೆ ಮೊಬೈಲಿನ ಲೆಕ್ಕವೂ ಸೇರಲಿ. ಬಟ್ಟೆಯ ವ್ಯಾಪಾರದಲ್ಲಿರುವ ಬಂಧುಗಳು ತಾವು ತರಿಸುವ ಮಾಲಿಗೆ ಬಣ್ಣ ಹಾಕಿದ ಘಟಕ ತನ್ನ ನೀರನ್ನು, ಆ ನೀರಿನ ಉಪ್ಪನ್ನು ಎಲ್ಲಿ ಬಿಡುತ್ತದೆಂದು ಒಮ್ಮೆ ಕೇಳಲಿ. ಕೊಳ್ಳುವವನು ಕೇಳಿದರೆ ಮಾರುವವನು ಉತ್ತರ ಹುಡುಕಲೇಬೇಕಾಗುತ್ತದೆ.

ವಿವೇಕ: ಬ್ಯಾಟರಿ ಬೇರೆ, ಟ್ಯೂಬ್‌ಲೈಟು ಬೇರೆ, ಬೋರ್ಡು ಬೇರೆಯಾಗಿ ಮನೆಯಲ್ಲಿಯೇ ವಿಂಗಡಿಸಲಿ. ಬ್ಯಾಟರಿಗಳಿಗೆ 2022ರಿಂದ ಪ್ರತ್ಯೇಕ ನಿಯಮಗಳೇ ಇವೆ. ಟ್ಯೂಬ್‌ಲೈಟು ಒಡೆದರೆ ಪಾದರಸ ಹೊರಬೀಳುತ್ತದೆಂಬುದನ್ನು ಪಾಠಶಾಲೆಯ ಮಕ್ಕಳಿಗೂ ಹೇಳಿಕೊಡಲಿ.

ಇವಿಷ್ಟನ್ನೂ ಮಾಡಿದ ಟ್ರಸ್ಟು ತನ್ನ ವಿದ್ಯಾರ್ಥಿವೇತನದ ನಿಧಿಯಿಂದ ಈ ನ್ಯಾನೋ ಸಂಶೋಧನೆಗೆ ಧಾರಾಳವಾಗಿ ನೆರವು ಕೊಡಲಿ. ಕೊಡುವ ಮೊದಲು ಕೆಲವು ಪ್ರಶ್ನೆ ಕೇಳಲಿ: ಬೋರ್ಡು ಕರಗಿಸಿದ ಆಮ್ಲ ಕೊನೆಗೆ ಎಲ್ಲಿಗೆ ಹೋಗುತ್ತದೆ? ಪುಡಿಯನ್ನು ಎಷ್ಟು ಬಾರಿ ಮರಳಿ ಬಳಸಬಹುದು? ಅದು ನೀರಿಗೆ ಎಷ್ಟು ತಾಮ್ರ ಬಿಟ್ಟಿತೆಂದು ಅಳೆದಿದ್ದೀರಾ? ಕಾರ್ಖಾನೆಯ ನಿಜವಾದ ನೀರಿನಲ್ಲಿ ಪರೀಕ್ಷಿಸಿದ್ದೀರಾ? ಬಣ್ಣ ಹೋದ ಮೇಲೆ ಉಳಿದುದೇನು? ಪ್ರಾಮಾಣಿಕ ಸಂಶೋಧಕ ಈ ಪ್ರಶ್ನೆಗಳಿಂದ ಸಂತೋಷಪಡುತ್ತಾನೆ. ಅವನೂ ಹಗಲಿರುಳು ಕೇಳಿಕೊಳ್ಳುತ್ತಿರುವುದು ಇವನ್ನೇ.

ಅಂದು ಸಭೆ ಮುಗಿದ ಮೇಲೆ ಅಂಗಳದಲ್ಲಿ ಗುಜರಿಯವನ ಲಾರಿಗೆ ಸಾಮಾನು ಏರಿಸುತ್ತಿದ್ದರು. ಏರಿಸುವ ಹುಡುಗನಿಗೆ ಹದಿನೈದು ವರ್ಷವೂ ಆಗಿರಲಿಕ್ಕಿಲ್ಲ. ಒಡೆದ ಬ್ಯಾಟರಿಯೊಂದರಿಂದ ಸೋರಿದ ಆಮ್ಲ ಅವನ ಕೈಗೆ ತಗುಲಿ, ಅವನು ಬಸದಿಯ ನಲ್ಲಿಯ ಕೆಳಗೆ ಕೈಹಿಡಿದು ನಿಂತಿದ್ದ. ನಲ್ಲಿಯ ಬಾಯಿಗೆ ನೀರು ಗಾಳಿಸುವ ಬಿಳಿಯ ಬಟ್ಟೆ ಕಟ್ಟಿತ್ತು. ಅದರಲ್ಲಿ ಸೋಸಿ ಬಂದ ನೀರು ಅವನ ಬೆರಳುಗಳ ಮೇಲಿನಿಂದ ಇಳಿದು ಚರಂಡಿಗೆ ಹರಿಯುತ್ತಿತ್ತು. ಮುಂದಿನ ಸಭೆಯಲ್ಲಿ ಆ ಠರಾವನ್ನು ಮತ್ತೆ ಮಂಡಿಸುವೆನು. ಈ ಲೇಖನ ಓದಿದ ಟ್ರಸ್ಟಿಗಳು ತಮ್ಮತಮ್ಮ ಊರಿನಲ್ಲಿಯೂ ಮಂಡಿಸಲೆಂದು ಪ್ರಾರ್ಥನೆ.